ದಳಪತಿಯ ಬಲಗಡೆ

“ಜೋರಾಗಿ ಹೇಳೇ! ನೀನೀಗ ಕೋಟೆಯ ದಳಪತಿ. ಕದ್ದು ಮಾತಾಡೋ ಹಾಗೆ ಪಿಸುಗುಟ್ಟಿದ್ರೆ ಹೇಗೆ?”

ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಅದು ಉಸ್ಸೆಂದು ಹಬೆ ಬಿಟ್ಟಿತು. ಮೇಜಿನ ಈಚೆ, ಮಡಿಸಿಟ್ಟ ಬಿಳಿ ಹಾಸುಗಳ ರಾಶಿಗೆ ಬೆನ್ನು ಕೊಟ್ಟು ಕೂತಿದ್ದ ಹುಡುಗಿ ಕೈಯಲ್ಲಿದ್ದ ನಾಟಕದ ಹಾಳೆಗಳನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಇನ್ನೊಮ್ಮೆ ಓದಿದಳು.

“ಬಾವಿಯಲ್ಲಿ ನೀರು ಎಷ್ಟಿದೆ, ತಾಯಿ?”

“ಇಂಥ ದಳಪತಿ ಇದ್ದಿದ್ರೆ ಕೋಟೆ ಬೀಳೋದಕ್ಕೆ ಶತ್ರುಗಳೇ ಬೇಕಿರಲಿಲ್ಲ,” ಅಂದಳು ದೊಡ್ಡಮ್ಮ. ಆಮೇಲೆ ಬೆನ್ನು ಬಗ್ಗಿಸಿ, ಕೈಗೆ ಸಿಕ್ಕ ಪ್ಲಾಸ್ಟಿಕ್ ಬಕೆಟ್ಟನ್ನೇ ಸೊಂಟಕ್ಕೇರಿಸಿಕೊಂಡು, ದನಿ ನಡುಗಿಸಿ ಹೇಳಿದಳು: “ಬಾವಿ ಬತ್ತಿದೆ, ದಳಪತಿಗಳೇ. ಮಕ್ಕಳು ಬಾವಿಯ ಕಲ್ಲು ನೆಕ್ಕುತ್ತಿವೆ. ಬಾಗಿಲು ತೆಗೆಸಿ.”

“ಬಾಗಿಲು ತೆಗೆದರೆ ಚರಿತ್ರೆ ನನ್ನನ್ನು ಹೇಡಿ ಅನ್ನುತ್ತದೆ, ತಾಯಿ.”

“ಅನ್ನಲಿ ಬಿಡಿ. ಅನ್ನೋದಕ್ಕಾದರೂ ಯಾರಾದರೂ ಉಳಿದಿರಬೇಕಲ್ಲ.”

ಬಾಗಿಲಲ್ಲಿ ಮಾಸಿದ ಅಂಗಿಗಳ ಚೀಲ ಹಿಡಿದು ನಿಂತಿದ್ದ ಗಿರಾಕಿಯೊಬ್ಬರು ದೃಶ್ಯ ಮುಗಿಯುವವರೆಗೂ ತುಟಿ ಪಿಟಕ್ಕೆನ್ನದೆ ಕಾದಿದ್ದು, ಆಮೇಲೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟು, “ಶನಿವಾರಕ್ಕೆ ಆಗುತ್ತಾ?” ಎಂದು ಕೇಳಿದರು. ಬಾವಿ ಬತ್ತಿದ ದುಃಖದಲ್ಲೇ ದೊಡ್ಡಮ್ಮ, “ಆಗುತ್ತೆ,” ಅಂದಳು.

ಹುಡುಗಿ ಈ ಪರದೇಶಕ್ಕೆ ಬಂದದ್ದು ಕಿವಿ ಪರೀಕ್ಷೆಯ ವಿದ್ಯೆ ಕಲಿಯಲು. ಯಾರಿಗೆ ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂದು ಅಳೆದು, ತಕ್ಕ ಯಂತ್ರವನ್ನು ಕಿವಿಗೆ ಹೊಂದಿಸಿ ಕೊಡುವ ವಿದ್ಯೆ. ಅವಳು ಬಾಡಿಗೆಗಿದ್ದ ಕೋಣೆ ಈ ಬಟ್ಟೆ ಒಗೆಯುವ ಅಂಗಡಿಯ ಮಾಳಿಗೆಯಲ್ಲಿತ್ತು. ಕೆಳಗೆ ಯಂತ್ರಗಳು ತಿರುಗುತ್ತಿದ್ದುದರಿಂದ ಚಳಿಗಾಲದಲ್ಲೂ ಅವಳ ಕೋಣೆಯ ನೆಲ ಬೆಚ್ಚಗಿರುತ್ತಿತ್ತು. ಬಂದ ಹೊಸದರಲ್ಲಿ, ಅಂಗಡಿಯ ಒಡತಿಯನ್ನು ಏನೆಂದು ಕರೆಯುವುದು ಎಂದು ಫೋನಿನಲ್ಲಿ ಅಮ್ಮನನ್ನು ಕೇಳಿದ್ದಳು. ಅಮ್ಮ ವಯಸ್ಸು ವಿಚಾರಿಸಿ, “ನನಗಿಂತ ದೊಡ್ಡವರು, ದೊಡ್ಡಮ್ಮ ಅನ್ನು,” ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಿದ್ದಳು. ಆ ಪದದ ಅರ್ಥ ಗೊತ್ತಾದ ದಿನ ಒಡತಿ, “ಹಾಗಾದ್ರೆ ಇನ್ಮೇಲೆ ನಿನ್ನ ಬಟ್ಟೆ ನೀನೇ ಒಗೆಯೋ ಹಾಗಿಲ್ಲ,” ಅಂದಿದ್ದಳು. ಅಂದಿನಿಂದ ಹುಡುಗಿಯ ದಿಂಬಿನ ಚೀಲಕ್ಕೂ ಗರಿಗರಿ ಇಸ್ತ್ರಿ.

ಹೊಟ್ಟೆಗೆ, ಬಟ್ಟೆಗೆ, ನಿದ್ದೆಗೆ ಕೊರತೆಯಿರಲಿಲ್ಲ. ತೊಡಕಿದ್ದದ್ದು ನಾಲಿಗೆಯಲ್ಲಿ. ಆ ನಾಡಿನ ಭಾಷೆಯಲ್ಲಿ ಚಮಚ ಗಂಡು, ತಟ್ಟೆ ಹೆಣ್ಣು. ಮಳೆ ಹೆಣ್ಣು, ಛತ್ರಿ ಮಾತ್ರ ಗಂಡು. ಪುಸ್ತಕದಲ್ಲಿ ಎಲ್ಲ ಗೊತ್ತಿತ್ತು, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆಯೇ. ಆದರೆ ಬಾಯಿ ತೆರೆದೊಡನೆ, ಕಿವಿ ಹೆಣ್ಣೋ ಗಂಡೋ ಎಂಬ ಯೋಚನೆ ಗಂಟಲಿಗೆ ಅಡ್ಡ ಕೂರುತ್ತಿತ್ತು. ತಪ್ಪಾದರೂ ಯಾರಿಗೂ ಕೇಳಿಸಬಾರದೆಂದು ದನಿ ತಾನೇ ತಾನಾಗಿ ಇಳಿಯುತ್ತಿತ್ತು. ಕಲಿಯಲು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಅವಳಿಗೆ ‘ಪಿಸುಮಾತು’ ಎಂದೇ ಅಡ್ಡಹೆಸರು.

“ನಿನ್ನ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ,” ಎಂದಿದ್ದರು ಕಲಿಸುವ ಮೇಡಂ. “ಆದರೆ ಕಿವಿ ಕೇಳಿಸದವರ ಹತ್ರ ಪಿಸುಗುಟ್ಟೋದು ಅಂದ್ರೆ ಕುರುಡರಿಗೆ ಸನ್ನೆ ಮಾಡಿದ ಹಾಗೆ. ನಿನ್ನೆ ಆ ಅಜ್ಜ ಏನಂದ್ರು ಗೊತ್ತಾ? ‘ಈ ಹುಡುಗಿ ಬಾಯಿ ಆಡಿಸ್ತಾಳೆ, ದನಿ ಬರೋದಿಲ್ಲ, ನನ್ನ ಕಿವಿ ಪೂರ್ತಿ ಹೋಯ್ತಾ’ ಅಂತ ಗಾಬರಿಯಾಗಿದ್ರು. ಈ ಅವಧಿ ಮುಗಿಯೋದರೊಳಗೆ ನಿನಗೆ ದನಿ ಬರಬೇಕಮ್ಮ. ಇಲ್ಲದಿದ್ರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಸಹಿ ಹಾಕೋಕಾಗಲ್ಲ.”

ಹುಡುಗಿ ತಲೆಯಾಡಿಸಿದ್ದಳು. “ಆಗಲಿ ಮೇಡಂ” ಅಂದದ್ದು ಅವರಿಗೂ ಕೇಳಿಸಿರಲಿಲ್ಲ.

ಈ ನಡುವೆ ಬಂದದ್ದು ನಾಟಕ. ಊರಿನ ಹಳೆಯ ರಂಗಮಂದಿರ ಸೂರು ಸೋರಿ ಬಹಳ ಕಾಲ ಮುಚ್ಚಿತ್ತು. ಈಗ ರಿಪೇರಿಯಾಗಿ ಬಾಗಿಲು ತೆರೆಯುವ ಸಂದರ್ಭಕ್ಕೆ, ಇತಿಹಾಸದ ನಿವೃತ್ತ ಮೇಷ್ಟ್ರೊಬ್ಬರು ಹಿಂದೊಮ್ಮೆ ಶತ್ರುಗಳು ಮುತ್ತಿಗೆ ಹಾಕಿದ್ದ ಊರ ಕೋಟೆಯ ಕತೆಯನ್ನೇ ನಾಟಕ ಮಾಡಿ, ಊರವರಿಗೇ ಬಣ್ಣ ಹಚ್ಚಿಸಲು ಹೊರಟಿದ್ದರು. ಬಾವಿಯ ಮುದುಕಿಯ ಪಾತ್ರಕ್ಕೆ ಗೊತ್ತಾಗಿದ್ದ ಹೆಂಗಸು ಮಗಳ ಹೆರಿಗೆಗೆಂದು ಹೊರಟುಹೋದಾಗ ಮೇಷ್ಟ್ರು ನೆಟ್ಟಗೆ ಬಟ್ಟೆ ಒಗೆಯುವ ಅಂಗಡಿಗೆ ಬಂದರು. “ಮೂರೇ ಮೂರು ಮಾತು. ನೀವು ದಿನಾ ಗಿರಾಕಿಗಳ ಜೊತೆ ಜಗಳ ಆಡೋದರ ಅರ್ಧದಷ್ಟು ಜೋರು ಸಾಕು,” ಎಂದರು. ದೊಡ್ಡಮ್ಮ ಉಬ್ಬಿಹೋಗಿ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ತಿಳಿಯಿತು, ದಳಪತಿಯ ಪಾತ್ರ ತನ್ನ ತಮ್ಮನದು ಎಂದು.

ತಮ್ಮ ಬಡಗಿ. ಅದೇ ಬೀದಿಯ ಆ ತುದಿಗೆ ಅವನ ಕಾರ್ಖಾನೆ. ರಂಗಮಂದಿರದ ಹೊಸ ನೆಲ ಹಾಸಿದವನೂ ಅವನೇ. ಅಕ್ಕ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವನು ತನ್ನ ಬಟ್ಟೆ ಒಗೆಸಲು ಊರಾಚೆಯ ಅಂಗಡಿಗೆ ಹೋಗುತ್ತಿದ್ದ. ಇವಳ ಇಸ್ತ್ರಿ ಮೇಜಿನ ಒಂದು ಕಾಲು ಕುಂಟುತ್ತಿದ್ದರೂ ಅದರಡಿ ರಟ್ಟು ಮಡಿಸಿಟ್ಟು ಕಾಲ ತಳ್ಳುತ್ತಿದ್ದಳು. ಕಾರಣ ಒಂದು ಮರ. ತಾಯಿ ತೀರಿಕೊಂಡ ವರ್ಷ, ತಾಯಿ ನೆಟ್ಟು ಬೆಳೆಸಿದ ಹಿತ್ತಲ ಮರವನ್ನು ಅವನು ಕಡಿದುಹಾಕಿದ್ದ. ಬೇರು ಗೋಡೆಗೆ ನುಗ್ಗಿತ್ತು ಎಂದು ಅವನ ವಾದ.

“ಕಡೀಬೇಡ ಅಂತ ನಾನು ಬಾಯಿಬಿಟ್ಟು ಹೇಳಿದ್ದೆ,” ಎಂದಿದ್ದಳು ದೊಡ್ಡಮ್ಮ. “ಕೇಳಿಸಲೇ ಇಲ್ಲ ಅಂತಾನೆ. ಅವನಿಗೆ ಬೇಡದ್ದು ಯಾವತ್ತು ಕೇಳಿಸಿದೆ?”

ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ಆದರೆ ಅವರು ಮುಖದ ಮೇಲೆ ಏನೂ ತೋರಗೊಡಲಿಲ್ಲ. ದೊಡ್ಡಮ್ಮ ತಾಲೀಮಿಗೆ ಹೋಗಿ ಬಂದಾಗಲೆಲ್ಲ ಹುಡುಗಿ ಕೇಳುತ್ತಿದ್ದಳು, “ಇವತ್ತು ಮಾತಾಡಿದ್ರಾ?”

“ಅವನು ‘ತಾಯಿ’ ಅಂದ. ನಾನು ‘ದಳಪತಿಗಳೇ’ ಅಂದೆ. ಅಷ್ಟೇ. ಆಮೇಲೆ ಅವನು ಬಲಗಡೆ ಬಾಗಿಲಿಂದ ಹೋದ, ನಾನು ಎಡಗಡೆ ಬಾಗಿಲಿಂದ ಬಂದೆ. ಒಳ್ಳೇದೇ ಆಯ್ತು ಬಿಡು, ಬರೆದುಕೊಟ್ಟ ಮಾತಲ್ಲಿ ಜಗಳ ಆಡೋಕೆ ಬರೋದಿಲ್ಲ.”

ಹೀಗೆ ಅವನ ಮಾತುಗಳನ್ನು ಓದುವ ಕೆಲಸ ಹುಡುಗಿಯ ಪಾಲಿಗೆ ಬಂದಿತ್ತು. ದಿನಾ ಓದಿ ಓದಿ ಆ ದೃಶ್ಯದ ಪ್ರತಿ ಅಕ್ಷರವೂ ಅವಳಿಗೆ ಬಾಯಿಪಾಠವಾಯಿತು.

ನಾಟಕದ ಸಂಜೆ ಅವಳು ಹೊರಟಾಗ ಮನಸ್ಸಿನಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಐತಿಹಾಸಿಕ ನಾಟಕ ಅಂದರೆ ಅವಳಿಗೆ ನೆನಪಾಗುತ್ತಿದ್ದದ್ದು ಶಾಲೆಯ ವಾರ್ಷಿಕೋತ್ಸವ. ಅದರಲ್ಲಿ ಅವಳು ರಟ್ಟಿನ ಈಟಿ ಹಿಡಿದ ಕಾವಲುಗಾರ. ನಗದೆ ನಿಲ್ಲುವುದೇ ಪಾತ್ರ. ಎದೆಗೆ ಬಾಣ ನಾಟಿದ ರಾಜ ಎಷ್ಟು ಹೊತ್ತಾದರೂ ಸಾಯದೆ ಭಾಷಣ ಮಾಡುತ್ತಲೇ ಇದ್ದುದರಿಂದ ಹೆಡ್‌ಮಾಸ್ಟರು ಪರದೆಯ ಸಂದಿಯಿಂದ ಬೇಗ ಸಾಯುವಂತೆ ಕೈಸನ್ನೆ ಮಾಡಿದ್ದರು. ಕಾವಲುಗಾರ ಕಿಸಕ್ಕನೆ ನಕ್ಕು, ನಾಟಕ ಕೆಟ್ಟು, ಅವಳಿಗೆ ಮತ್ತೆ ಯಾರೂ ಪಾತ್ರ ಕೊಡಲಿಲ್ಲ.

ಇಲ್ಲಿಯ ರಂಗಮಂದಿರದಲ್ಲಿ ಹೊಸ ಮರದ, ಹೊಸ ವಾರ್ನಿಶ್ಶಿನ ವಾಸನೆ. ಕುರ್ಚಿಗಳ ಕೆಂಪು ಬಟ್ಟೆ ಇನ್ನೂ ಯಾರ ಭಾರಕ್ಕೂ ಒಗ್ಗಿರಲಿಲ್ಲ. ಕೂತವರು ಅಲುಗಾಡಿದಾಗಲೆಲ್ಲ ಕುಂಯ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಹುಡುಗಿಯ ಕೈಗೊಂದು ಪೆಪ್ಪರ್ಮೆಂಟು ತುರುಕಿ, ಕೇಳದಿದ್ದರೂ ಹೇಳತೊಡಗಿದಳು. “ನಮ್ಮ ಅಜ್ಜಿಯ ಅಜ್ಜಿಯ ಅಜ್ಜಿ, ಆವತ್ತು ಕೋಟೆಯೊಳಗೆ ಬದುಕಿ ಉಳಿದ ಮಕ್ಕಳಲ್ಲಿ ಒಬ್ಬಳಂತೆ. ಈ ಊರಲ್ಲಿ ಯಾರ ಮನೇಲಿ ಕೇಳಿದ್ರೂ ಹಾಗೇ ಹೇಳ್ತಾರೆ. ಅಷ್ಟೊಂದು ಮಕ್ಕಳು ಆ ಕೋಟೇಲಿ ಹಿಡಿಸ್ತಿದ್ರೋ ಇಲ್ವೋ, ದೇವರಿಗೇ ಗೊತ್ತು.”

“ದಳಪತಿಯ ವಂಶದವರು?” ಹುಡುಗಿ ಮೆಲ್ಲಗೆ ಕೇಳಿದಳು.

“ಏನಂದೆ? ಓ, ಅವನದಾ? ಯಾರೂ ಹೇಳಿಕೊಳ್ಳೋದಿಲ್ಲ. ಇವತ್ತಿಗೂ ಹೆದರುಪುಕ್ಕಲನಿಗೆ ಇಲ್ಲಿ ‘ದಳಪತಿ’ ಅಂತಲೇ ಬೈಯೋದು.”

ಪರದೆ ಸರಿಯಿತು. ಹುಡುಗಿ ಕತ್ತಿಗಳ ಖಣಖಣಕ್ಕೆ ಕಾದು ಕೂತಳು. ಖಣಖಣ ಬರಲೇ ಇಲ್ಲ. ಯುದ್ಧವೆಲ್ಲ ಪರದೆಯ ಹಿಂದೆ, ದೂರದ ಡೋಲಿನ ಸದ್ದಿನಲ್ಲಿ. ಕಣ್ಣೆದುರು ಇದ್ದದ್ದು ಒಂದು ಉದ್ದನೆಯ ಮೇಜು, ಅದರ ಮೇಲೊಂದು ರೊಟ್ಟಿ. ಮೊದಲ ದೃಶ್ಯದಲ್ಲಿ ಆ ರೊಟ್ಟಿ ತಲೆದಿಂಬಿನಷ್ಟು ದೊಡ್ಡದು. ಮುಂದಿನ ದೃಶ್ಯಕ್ಕೆ ಅರ್ಧ. ಅದರ ಮುಂದಿನದಕ್ಕೆ ಅಂಗೈಯಗಲ. ಯಾರೂ ಹಸಿವಿನ ಮಾತೆತ್ತಲಿಲ್ಲ. ಆದರೆ ವೇದಿಕೆಯ ಮೇಲಿದ್ದವರೆಲ್ಲ, ಏನು ಮಾತಾಡುತ್ತಿದ್ದರೂ, ಕಣ್ಣಂಚಿನಲ್ಲಿ ಆ ರೊಟ್ಟಿಯನ್ನು ನೋಡುತ್ತಿದ್ದರು. ಸೈನಿಕರ ಕವಚಗಳು ಯಾರದೋ ಅಡುಗೆಮನೆಯ ತಟ್ಟೆಗಳಿಂದಾದವು. ಮಂತ್ರಿಯ ನಿಲುವಂಗಿ ದೊಡ್ಡಮ್ಮನೇ ಇಸ್ತ್ರಿ ಮಾಡಿಕೊಟ್ಟ ಕಿಟಕಿ ಪರದೆ ಎಂದು ಹುಡುಗಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಆ ರೊಟ್ಟಿ ಕಿರಿದಾಗುತ್ತ ಬಂದಂತೆ ಅವಳ ಬಾಯಲ್ಲಿದ್ದ ಪೆಪ್ಪರ್ಮೆಂಟು ನುಂಗಲಾರದಂತಾಯಿತು.

ದಳಪತಿ ಘರ್ಜಿಸಲಿಲ್ಲ. ಅವನು ಮೇಜಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತ, ಬಡಗಿಗಳು ಹಲಗೆಯ ನುಣುಪು ನೋಡುವಂತೆ, ಕೂತೇ ಇದ್ದ. ಮಾತು ಕಡಿಮೆ, ದನಿ ಮಾತ್ರ ಹಿಂದಿನ ಸಾಲಿಗೂ ಮುಟ್ಟುವಂಥದ್ದು. ಅವನು ಎದುರಿನವರ ಮಾತು ಕೇಳುವ ರೀತಿ ಹುಡುಗಿಯನ್ನು ಹಿಡಿದು ನಿಲ್ಲಿಸಿತು. ತನ್ನ ಎಡಗಡೆ ನಿಂತ ಸೈನಿಕ ಮಾತಾಡಿದಾಗಲೆಲ್ಲ ಇಡೀ ಮೈ ತಿರುಗಿಸಿ, ಅವನ ಬಾಯಿಯನ್ನೇ ನೋಡುತ್ತಿದ್ದ. ಬಲಗಡೆಯವನು ಮಾತಾಡಿದರೆ ತಲೆ ಎತ್ತುತ್ತಲೂ ಇರಲಿಲ್ಲ. ಎಷ್ಟು ಗಮನ ಕೊಟ್ಟು ನಟಿಸುತ್ತಾನೆ ಎಂದುಕೊಂಡ ಹುಡುಗಿಗೆ ಒಂದೆರಡು ದೃಶ್ಯ ಕಳೆದ ಮೇಲೆ ಸಣ್ಣಗೆ ಅನುಮಾನ ಹುಟ್ಟಿತು. ಹೀಗೆ ಬಾಯಿ ನೋಡುವವರನ್ನು ಅವಳು ದಿನಾ ಆಸ್ಪತ್ರೆಯಲ್ಲಿ ನೋಡುತ್ತಿದ್ದಳು. ಇದು ನಟನೆಯಲ್ಲ. ಅವನಿಗೆ ಎಡಗಿವಿ ಕೇಳಿಸುವುದಿಲ್ಲ.

ಆಮೇಲೆ ಬಾವಿಯ ಮುದುಕಿಯ ದೃಶ್ಯ ಬಂತು. ರಿಪೇರಿಯಲ್ಲಿ ಹಾಕಿಸಿದ ಹೊಸ ದೀಪಗಳ ಮೇಲೆ ಮೇಷ್ಟ್ರಿಗೆ ಬಲು ಮೋಹ. ಕೋಟೆಯಲ್ಲಿ ಎಣ್ಣೆ ಮುಗಿದಿದೆ ಎಂದು ತೋರಿಸಲು ದೀಪಗಳನ್ನೆಲ್ಲ ಇಳಿಸಿ, ದಳಪತಿಯ ಮುಖದ ಮೇಲೆ ಮಾತ್ರ ಒಂದು ಮಬ್ಬು ಬೆಳಕು ಉಳಿಸಿದ್ದರು. ತಾಲೀಮೆಲ್ಲ ಹಗಲು ಬೆಳಕಿನಲ್ಲಿ ನಡೆದಿತ್ತು; ಈ ಕತ್ತಲು ಇವತ್ತೇ ಮೊದಲು. ದಳಪತಿಯ ಬಲಗಡೆ, ಪರದೆಯ ಹಿಂದೆ, ಡೋಲು ಸಣ್ಣಗೆ ಗುಡುಗುತ್ತಲೇ ಇತ್ತು. ಅವನ ಎಡಗಡೆಯಿಂದ ಕೊಡ ಹೊತ್ತ ಒಂದು ನೆರಳು ಬಂದು ನಿಂತಿತು. ದೊಡ್ಡಮ್ಮನ ಮುಖ ಕಾಣಿಸುತ್ತಿರಲಿಲ್ಲ.

“ಬಾವಿಯಲ್ಲಿ ನೀರು ಎಷ್ಟಿದೆ, ತಾಯಿ?” ದಳಪತಿ ಕೇಳಿದ.

“ಬಾವಿ ಬತ್ತಿದೆ, ದಳಪತಿಗಳೇ. ಮಕ್ಕಳು ಬಾವಿಯ ಕಲ್ಲು ನೆಕ್ಕುತ್ತಿವೆ. ಬಾಗಿಲು ತೆಗೆಸಿ.”

ದಳಪತಿ ಸುಮ್ಮನೆ ಕೂತಿದ್ದ. ಕತ್ತಲ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದ. ಅವಳು ಮಾತಾಡಿಯಾಯಿತೋ ಇಲ್ಲವೋ ಅವನಿಗೆ ತಿಳಿಯುತ್ತಿಲ್ಲ ಎಂಬುದು ಇಡೀ ಸಭಾಂಗಣದಲ್ಲಿ ಹುಡುಗಿಯೊಬ್ಬಳಿಗೇ ಅರ್ಥವಾದದ್ದು. ಪರದೆಯ ಮರೆಯಿಂದ ಯಾರೋ ಅವನ ಮಾತನ್ನು ಪಿಸುಗುಟ್ಟಿದರು. ಅದೂ ಎಡಗಡೆಯಿಂದಲೇ. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕುಂಯ್ ಎಂದಿತು. ದಳಪತಿಯ ಹಣೆಯ ಮೇಲೆ ಬೆವರು ಮೂಡಿದ್ದು ಆ ಮಬ್ಬಿನಲ್ಲೂ ಹೊಳೆಯಿತು. ‘ಬಾಗಿಲು ತೆಗೆದರೆ ಚರಿತ್ರೆ ನನ್ನನ್ನು’, ಹುಡುಗಿಯ ತುಟಿ ತಾನಾಗಿ ಆಡಿತು. ಅವಳ ಪಿಸುಮಾತು ಪಕ್ಕದ ಅಜ್ಜಿಗೂ ಕೇಳಿಸಲಿಲ್ಲ.

ಆಗ ನೆರಳು ಕದಲಿತು. ಮೇಷ್ಟ್ರು ಸೀಮೆಸುಣ್ಣದಿಂದ ಗುರುತು ಹಾಕಿ ನಿಲ್ಲಿಸಿದ್ದ ಜಾಗ ಬಿಟ್ಟು ದೊಡ್ಡಮ್ಮ ನಡೆದಳು. ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಅವಸರವಿಲ್ಲದೆ, ದಳಪತಿಯ ಕುರ್ಚಿಯ ಹಿಂದಿನಿಂದ ಸುತ್ತಿ ಅವನ ಬಲಗಡೆಗೆ ಬಂದಳು. ಬಂದು, ಅವನ ಹೆಗಲಿನ ಮೇಲೆ ಕೈಯಿಟ್ಟು, ಬಾಗಿ ಹೇಳಿದಳು:

“ಬಾವಿ ಬತ್ತಿದೆ. ಮಕ್ಕಳು ಕಲ್ಲು ನೆಕ್ಕುತ್ತಿವೆ. ಬಾಗಿಲು ತೆಗೆಸು.”

ದಳಪತಿಯ ಭುಜ ಇಳಿಯಿತು. ಹಿಡಿದಿಟ್ಟ ಉಸಿರನ್ನು ಬಿಟ್ಟು ಅವನು ಅಂದ:

“ಬಾಗಿಲು ತೆಗೆದರೆ ಚರಿತ್ರೆ ನನ್ನನ್ನು ಹೇಡಿ ಅನ್ನುತ್ತದೆ, ಅಕ್ಕ.”

ಸಭೆ ಅದನ್ನು ಗಮನಿಸಲಿಲ್ಲ. ತಾಯಿ ಎಂದರೇನು, ಅಕ್ಕ ಎಂದರೇನು, ದಳಪತಿ ಊರ ಮುದುಕಿಯನ್ನು ಕರೆಯಲು ಎರಡೂ ಒಪ್ಪುವ ಮಾತೇ. ದಿನಾ ಆ ಸಾಲನ್ನು ಓದಿ ಓದಿ ನಾಲಿಗೆಗೆ ಅಂಟಿಸಿಕೊಂಡಿದ್ದ ಹುಡುಗಿ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಮುದುಕಿ ಕೊಡವನ್ನು ಮೆಲ್ಲಗೆ ನೆಲಕ್ಕಿಳಿಸಿದಳು.

“ಅನ್ನಲಿ ಬಿಡು,” ಅಂದಳು ದೊಡ್ಡಮ್ಮ ಕೊನೆಗೆ. ದನಿ ನಡುಗುತ್ತಿತ್ತು, ಅಂಗಡಿಯಲ್ಲಿ ನಡುಗಿಸುತ್ತಿದ್ದ ಹಾಗಲ್ಲ. “ಅನ್ನೋದಕ್ಕಾದರೂ ಯಾರಾದರೂ ಉಳಿದಿರಬೇಕಲ್ಲ.”

ದಳಪತಿ ಎದ್ದ. ಕೋಟೆಯ ಬಾಗಿಲಿನ ಅಗಳಿ ತೆಗೆದ. ವೇದಿಕೆಯ ಹಿಂಬದಿಯ ಎರಡು ಭಾರದ ಹಲಗೆಗಳು ಸದ್ದಿಲ್ಲದೆ ತೆರೆದುಕೊಂಡವು, ಅವನೇ ಮಾಡಿದ ಬಾಗಿಲು, ಅವನೇ ಕೂರಿಸಿದ ತಿರುಗಣಿ. ಬೆಳಕು ಒಮ್ಮೆಲೇ ನುಗ್ಗಿತು. ಶತ್ರುಸೈನ್ಯ ಬರುವುದಕ್ಕೆ ಮೊದಲು, ಕೊಡ, ತಂಬಿಗೆ, ಬಕೆಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಊರಿನ ಮಕ್ಕಳ ಒಂದು ಹಿಂಡು ಆ ಬಾಗಿಲಿನಾಚೆ ಹೊಳೆಯ ಕಡೆಗೆ ಹೋ ಎಂದು ಓಡಿತು. ನಾಟಕ ಅಲ್ಲಿಗೆ ಮುಗಿಯಿತು. ಯಾರೂ ಸಾಯಲಿಲ್ಲ. ಹುಡುಗಿಯ ಪಕ್ಕದ ಅಜ್ಜಿ ಮೂಗು ಒರೆಸಿಕೊಳ್ಳುತ್ತ, “ಆ ಹಸಿರು ಲಂಗದ್ದು ನನ್ನ ಮೊಮ್ಮಗಳು,” ಅಂದಳು.

ಹೊರಗಿನ ಹಜಾರದಲ್ಲಿ ಸಂತೆ ನೆರೆದಂತಿತ್ತು. ಬಣ್ಣ ಅಳಿಸದ ನಟರನ್ನು ಮನೆಯವರು ಸುತ್ತುವರಿದಿದ್ದರು. ಮೇಷ್ಟ್ರು ದೊಡ್ಡಮ್ಮನ ಕೈ ಕುಲುಕುತ್ತ, “ಜಾಗ ಬಿಟ್ಟು ಹೋದಿರಲ್ಲ ಅಂತ ನನ್ನ ಜೀವವೇ ಹೋಯ್ತು. ಆದರೆ ಏನು ಚೆನ್ನಾಗಿ ಬಂತು! ನಾಳೆಯೂ ಹಾಗೇ ಮಾಡಿ,” ಎನ್ನುತ್ತಿದ್ದರು. ಬಡಗಿ ಒಂದು ಕಂಬದ ಪಕ್ಕ ನಿಂತಿದ್ದ. ಬಂದವರೆಲ್ಲ ಎಡಗಡೆಯಿಂದ ಏನೇನೋ ಹೊಗಳುತ್ತಿದ್ದರು. ಅವನು ಎಲ್ಲದಕ್ಕೂ ಒಂದೇ ಸಮ ತಲೆಯಾಡಿಸುತ್ತ, ನಗಬೇಕಾದಲ್ಲಿ ಒಂದು ಗಳಿಗೆ ತಡವಾಗಿ ನಗುತ್ತಿದ್ದ. ಆ ತಡವಾದ ನಗುವನ್ನು ನೋಡಿ ಹುಡುಗಿಗೆ ತಡೆಯಲಾಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಬಲಗಡೆ ನಿಂತಳು.

“ನಾಟಕ ತುಂಬಾ ಚೆನ್ನಾಗಿತ್ತು,” ಅಂದಳು.

ಬಡಗಿ ಕೈಯನ್ನು ಕಿವಿಯ ಹಿಂದೆ ಹಿಡಿದ. “ಏನಮ್ಮ?”

ಇನ್ನೊಮ್ಮೆ ಹೇಳಿದಳು. ಆ ಗದ್ದಲದಲ್ಲಿ ಗಾಳಿಗೆ ಗುದ್ದಿದಂತಾಯಿತು. ಅವನು ಮತ್ತೆ ಅದೇ ತಡವಾದ ನಗು ನಕ್ಕು ತಲೆಯಾಡಿಸಿದ. ತನ್ನ ಮಾತೂ ಆ ಕೇಳಿಸದ ಮಾತುಗಳ ರಾಶಿಗೆ ಸೇರಿತಲ್ಲ ಎಂದು ಹುಡುಗಿಗೆ ರೇಗಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ತುದಿಗಾಲಲ್ಲಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ನಿಮ್ಮ ಕಿವಿಯನ್ನು ಪರೀಕ್ಷೆ ಮಾಡಬೇಕು ಎಂದು ಹೇಳಹೊರಟಳು. ಅದೇ ಗಳಿಗೆಯಲ್ಲಿ ಮೇಷ್ಟ್ರು ಮಾತಾಡಲೆಂದು ಗಾಜಿನ ಲೋಟಕ್ಕೆ ಚಮಚ ಬಡಿದರು, ಹಜಾರ ಸ್ತಬ್ಧವಾಯಿತು. ಆ ಮೌನದಲ್ಲಿ, ಆ ನಾಡಿಗೆ ಬಂದ ಮೇಲೆ ಮೊದಲ ಸಲ ಪೂರ್ತಿ ಹೊರಬಂದ ಅವಳ ದನಿ ಗೋಡೆಗೆ ಬಡಿದು ಮೊಳಗಿತು:

“ನನಗೆ ನಿಮ್ಮ ಕಿವಿ ಬೇಕು!”

ಅದೂ ಹೆಣ್ಣಾದ ಕಿವಿಯನ್ನು ಗಂಡು ಮಾಡಿ.

ನೂರಾರು ಮುಖಗಳು ತಿರುಗಿದವು. ಭೂಮಿ ಬಾಯಿಬಿಡಬಾರದೇ ಎನಿಸಿತು ಹುಡುಗಿಗೆ. ಭೂಮಿ ಬಾಯಿಬಿಡಲಿಲ್ಲ, ಬಡಗಿ ಬಿಟ್ಟ. ಸರಿಯಾದ ಹೊತ್ತಿಗೆ, ಒಂದಿಷ್ಟೂ ತಡವಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕ. “ಕೋಟೇನೇ ಕೊಟ್ಟಾಯ್ತು, ಇನ್ನು ಕಿವಿ ಯಾವ ಲೆಕ್ಕ! ತಗೋ ಮಗಳೇ.”

ಹಜಾರವೆಲ್ಲ ನಗೆಯಲ್ಲಿ ಮುಳುಗಿತು. ಅಚ್ಚರಿಯೆಂದರೆ, ಹುಡುಗಿಗೂ ನಗು ಬಂತು. ತಪ್ಪಾಗಿತ್ತು, ಎಲ್ಲರಿಗೂ ಕೇಳಿಸಿತ್ತು, ಆದರೂ ಕಾಲ ಕೆಳಗಿನ ನೆಲ ಗಟ್ಟಿಯಾಗಿಯೇ ಇತ್ತು.

“ನೀನು ನಮ್ಮಕ್ಕನ ಮನೇಲಿರೋ ಹುಡುಗಿ ಅಲ್ವಾ?” ಬಡಗಿ ಕಣ್ಣೊರೆಸಿಕೊಳ್ಳುತ್ತ ಕೇಳಿದ. “ಪಿಸುಗುಡ್ತಾಳೆ ಅಂತ ಊರೆಲ್ಲ ಹೇಳ್ತಿತ್ತು. ಸುಳ್ಳು.”

ಅಷ್ಟರಲ್ಲಿ ದೊಡ್ಡಮ್ಮ ಅಲ್ಲಿಗೆ ಬಂದಿದ್ದಳು. ಅವಳ ಕೈಯಲ್ಲಿ ಒದ್ದೆ ಟವೆಲ್ಲಿತ್ತು. ತಮ್ಮನ ಮುಖ ನೋಡಲಿಲ್ಲ. ಟವೆಲ್ಲನ್ನು ಚಾಚಿ, “ಗಡ್ಡಕ್ಕೆಲ್ಲ ಬಣ್ಣ ಹತ್ತಿದೆ, ಒರೆಸ್ಕೋ,” ಅಂದಳು. ಯಾರೂ ಬರೆದುಕೊಡದ ಮಾತು. ಅವನು ಟವೆಲ್ಲು ತೆಗೆದುಕೊಂಡು ಒರೆಸಿಕೊಂಡ. ಒರೆಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮುಖ ಅದರೊಳಗೇ ಇತ್ತು.

ಮರುದಿನ ಬೆಳಿಗ್ಗೆ ಅಮ್ಮನ ಫೋನು ಬಂತು.

“ರಾಜ ಗೆದ್ದನಾ, ಸೋತನಾ?”

“ರಾಜ ಅಲ್ಲಮ್ಮ, ದಳಪತಿ. ಸೋತ. ಬಾಗಿಲು ತೆಗೆದುಬಿಟ್ಟ.”

“ಸೋತವನನ್ನ ಇಟ್ಕೊಂಡು ಯಾರಾದ್ರೂ ನಾಟಕ ಮಾಡ್ತಾರೇನೇ?”

“ಮಾಡಿದ್ರಮ್ಮ. ತುಂಬಾ ಚೆನ್ನಾಗಿತ್ತು.” ರೊಟ್ಟಿಯ ಬಗ್ಗೆ, ಓಡಿದ ಮಕ್ಕಳ ಬಗ್ಗೆ, ಕತ್ತಲಲ್ಲಿ ನಡೆದು ಬಂದ ದೊಡ್ಡಮ್ಮನ ಬಗ್ಗೆ ಅವಳು ಹೇಳುತ್ತಲೇ ಹೋದಳು. ಅಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, “ನಿನ್ನ ಗಂಟಲಿಗೇನಾಯ್ತು? ಜೋರಾಗಿ ಮಾತಾಡ್ತಿದೀಯ. ಫೋನನ್ನ ಕಿವಿಯಿಂದ ದೂರ ಹಿಡ್ಕೊಂಡಿದೀನಿ,” ಅಂದಳು.

ಕೆಳಗೆ ದೊಡ್ಡಮ್ಮ ಹಾಸುಗಳನ್ನು ಮಡಿಸುತ್ತಿದ್ದಳು. ಹುಡುಗಿ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಎಳೆದು, ಒದರಿ, ಹತ್ತಿರ ಬಂದು, ಮಡಿಸಿ, ಮತ್ತೆ ದೂರ ಸರಿದರು.

“ಅವರ ಎಡಗಿವಿ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಸಣ್ಣವನಿದ್ದಾಗ ಸೋರಿ ಸೋರಿ ಕೆಟ್ಟುಹೋಯ್ತು. ಸ್ಕೂಲಲ್ಲಿ ಹುಡುಗರು ಎಡಗಡೆಯಿಂದ ಕರೆದು ಆಟ ಆಡಿಸೋರು. ನಾನು ದಿನಾ ಅವನ ಬಲಗಡೆ ನಡೀತಿದ್ದೆ. ಟೀಚರ್ ಏನು ಹೇಳಿದ್ರು ಅಂತ ಬರ್ತಾ ದಾರೀಲಿ ಎಲ್ಲ ಇನ್ನೊಂದ್ಸಲ ಹೇಳೋದೇ ನನ್ನ ಕೆಲಸ.” ಹಾಸಿನ ಅಂಚನ್ನು ಬೆರಳಿನಿಂದ ತೀಡಿದಳು. “ನಿನ್ನೆ ಕಾಲು ತಾವೇ ಹೋದವು. ನಾನು ಕಳಿಸಲಿಲ್ಲ.”

ಹುಡುಗಿ ಆ ಹಾಸನ್ನು ಮಡಿಸಿ ರಾಶಿಗೆ ಸೇರಿಸಿದಳು. ಆಮೇಲೆ ಕೇಳಿದಳು, “ದೊಡ್ಡಮ್ಮ, ಮರ ಕಡೀಬೇಡ ಅಂತ ಹೇಳಿದ್ರಲ್ಲ, ಆವತ್ತು ಯಾವ ಕಡೆ ನಿಂತಿದ್ರಿ?”

ದೊಡ್ಡಮ್ಮ ಮುಂದಿನ ಹಾಸನ್ನು ಎತ್ತಿಕೊಂಡವಳು ಹಾಗೇ ಎದೆಗವಚಿಕೊಂಡು ನಿಂತಳು. ಯಂತ್ರವೊಂದು ತಿರುಗಿ ತಿರುಗಿ ನಿಂತಿತು.

“ಕೋಪದಲ್ಲಿದ್ದೆ ಕಣೇ,” ಅಂದಳು. “ಕೋಪದಲ್ಲಿ ಯಾವ ಕಡೆ ಅಂತ ಯಾರು ನೋಡ್ತಾರೆ?”

ಮುಂದಿನ ವಾರ ಬಡಗಿ ಆಸ್ಪತ್ರೆಗೆ ಬಂದ. ಹೊಸ ಅಂಗಿ ತೊಟ್ಟಿದ್ದ. ಅದಕ್ಕೆ ಯಾರ ಇಸ್ತ್ರಿ ಎಂದು ಹುಡುಗಿ ಬಾಗಿಲಲ್ಲೇ ಗುರುತು ಹಿಡಿದಳು. ಹಿಂದೆಯೇ ದೊಡ್ಡಮ್ಮ, “ಒಬ್ಬನೇ ಕಳಿಸಿದ್ರೆ ಅರ್ಧ ಕೇಳಿಸ್ಕೊಂಡು ಬರ್ತಾನೆ,” ಎನ್ನುತ್ತ ಬಂದು ಬೆಂಚಿನ ಮೇಲೆ ಕೂತಳು. ಮೇಡಂ ಮೂಲೆಯಲ್ಲಿ ಕೈಕಟ್ಟಿ ನಿಂತರು.

ಹುಡುಗಿ ಬಡಗಿಯನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ ಅವನ ಬಲಕ್ಕೆ ಬಾಗಿದಳು. “ನಿಮ್ಮ ಕಿವಿಗೆ ಬೇರೆ ಬೇರೆ ಸದ್ದು ಬರುತ್ತೆ. ಎಷ್ಟು ಸಣ್ಣಗೆ ಕೇಳಿಸಿದರೂ ಸರಿ, ಕೇಳಿಸಿದ ತಕ್ಷಣ ಬೆರಳೆತ್ತಿ. ಅರ್ಥ ಆಯ್ತಾ?”

“ಕೋಣೆಯ ಹೊರಗಿನವರಿಗೂ ಅರ್ಥ ಆಗಿರುತ್ತೆ,” ಅಂದ ಬಡಗಿ. ಕಿವಿಯನ್ನು ಅವಳು ಈ ಸಲವೂ ಗಂಡು ಮಾಡಿದ್ದಳು. ಮೇಡಂ ತಿದ್ದಲಿಲ್ಲ, ಮೂಲೆಯಲ್ಲಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದರು.

ಬಲಗಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇತ್ತು. ಸದ್ದು ಹೋದ ಹಾಗೆಲ್ಲ ಗಾಜಿನಾಚೆ ಬೆರಳು ಎದ್ದು ಎದ್ದು ಇಳಿಯಿತು. ಆಮೇಲೆ ಎಡಗಿವಿಯ ಸರದಿ. ಒಳ್ಳೆಯ ಕಿವಿ ಪಕ್ಕದ ಹುಡುಗನ ಹಾಗೆ ಗುಟ್ಟಾಗಿ ಉತ್ತರ ಹೇಳಿಕೊಡಬಾರದೆಂದು ಅದಕ್ಕೆ ಗಾಳಿಯಂಥದ್ದೊಂದು ಸದ್ದು ತುಂಬಿ, ಹುಡುಗಿ ಎಡಕ್ಕೆ ಮೊದಲ ಸ್ವರ ಕಳಿಸಿದಳು. ಬೆರಳು ಏಳಲಿಲ್ಲ. ಒಂದು ಮೆಟ್ಟಿಲು ಏರಿಸಿದಳು. ಇಲ್ಲ. ಇನ್ನೊಂದು. ಬಡಗಿ ಕಣ್ಣು ಮುಚ್ಚಿಕೊಂಡು ಕೂತಿದ್ದ, ದೂರದಲ್ಲಿ ಯಾರೋ ಕರೆಯುತ್ತಾರೆಂದು ಕಾದವನಂತೆ. ಗುಂಡಿಯ ಮೇಲಿದ್ದ ಹುಡುಗಿಯ ಕೈ ಮತ್ತೊಂದು ಮೆಟ್ಟಿಲು ತಿರುಗಿಸಿತು. ಯಾಕೋ ಹಿಂದಿರುಗಿ ನೋಡಿದಳು. ಬೆಂಚಿನ ತುದಿಗೆ ಸರಿದು ಕೂತಿದ್ದ ದೊಡ್ಡಮ್ಮನ ದೃಷ್ಟಿ ಗಾಜಿಗೆ ನೆಟ್ಟಿತ್ತು. ಕೈ ಮಡಿಲಿನಿಂದ ಅರ್ಧ ಎದ್ದು ಗಾಳಿಯಲ್ಲಿ ನಿಂತಿತ್ತು.

ಗಾಜಿನಾಚೆ ಬಡಗಿಯ ಹುಬ್ಬು ಅಲುಗಿತು. ಅವನ ಬೆರಳು ನಿಧಾನವಾಗಿ ಮೇಲೆದ್ದಿತು. ಈಚೆ, ಏನೂ ಕೇಳಿಸದ ದೊಡ್ಡಮ್ಮನದೂ.